ಎದುರು ಬದಿಯ ನೆರಳು

"ಅಪ್ಪಾರೆ, ನಮ್ಮಂಥ ಬಿಸಿಲೂರಿನಲ್ಲಿ ಮಳಿಗೆ ಕಟ್ಟಿಸುವವರು ಮುಂಭಾಗಕ್ಕೆ ಎಂಥ ಗಾಜು ಹಾಕಿಸಬೇಕು? ಖರ್ಚು ಕಡಿಮೆಯಾಗಬೇಕು, ಒಳಗೆ ತಂಪಿರಬೇಕು, ದೂರದಿಂದ ನೋಡಿದವರು ಯಾರದಿದು ಎಂದು ಕೇಳಬೇಕು."

ಹೀಗೆ ಕೇಳಿದವನು ಮಠದ ಶಿಷ್ಯ ರೇವಣಯ್ಯ. ಕಲಬುರಗಿಯ ದೊಡ್ಡ ರಸ್ತೆಯೊಂದರಲ್ಲಿ ಮಠದ ಜಾಗವಿತ್ತು. ಅಲ್ಲಿ ಮೂರಂತಸ್ತಿನ ವಾಣಿಜ್ಯ ಮಳಿಗೆ ಏಳುತ್ತಿತ್ತು, ಅದರ ಉಸ್ತುವಾರಿ ಅವನದು. ಅಂದು ಮಧ್ಯಾಹ್ನ ಅವನು ಆಳೆತ್ತರದ ಗಾಜೊಂದನ್ನು ಹೊರಿಸಿಕೊಂಡು ಬಂದು, ಗುರುಗಳಿಗೆ ಚೆನ್ನಾಗಿ ಕಾಣಲೆಂದು ಅಂಗಳದ ಬೇವಿನ ಕಟ್ಟೆಗೆ ಒರಗಿಸಿದ್ದ. ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗುರುಗಳು ಪಡಸಾಲೆಯ ನೆರಳಿನಲ್ಲಿ ಚಾಪೆಯ ಮೇಲೆ ಕೂತಿದ್ದರು. ರೇವಣಯ್ಯ ಪಕ್ಕದ ಕಂಬದ ಮರೆಯಲ್ಲಿ ಕೂತ.

ಗುರುಗಳು ಗಾಜನ್ನು ನೋಡಿದರು. ಶಲ್ಯವನ್ನು ಹೆಗಲಿಗೆ ಎಳೆದುಕೊಂಡರು. ಗಾಜಿನ ವಿಚಾರ ನನಗೇನು ಗೊತ್ತು ತಮ್ಮಾ, ಒಬ್ಬ ವ್ಯಾಪಾರಿಯ ಕತೆ ಗೊತ್ತಿದೆ, ಬೇಕಾದರೆ ಅದನ್ನು ಕೇಳು ಎಂದು ಶುರುಮಾಡಿದರು.

ಒಬ್ಬ ಸೀರೆ ವ್ಯಾಪಾರಿ ಹಳೆಯ ಅಂಗಡಿ ಕೆಡವಿ ನಾಲ್ಕಂತಸ್ತು ಕಟ್ಟಿಸಲು ಹೊರಟ. ಜಾಗ ಪಡುವಣಕ್ಕೆ ಮುಖಮಾಡಿತ್ತು. ಬಿಸಿಲೂರಿನಲ್ಲಿ ಪಡುವಣದ ಮುಖ ಅಂದರೆ ನಿನಗೆ ಗೊತ್ತಲ್ಲ, ಮಧ್ಯಾಹ್ನ ಎರಡರ ಮೇಲೆ ಗೋಡೆ ಕಾದ ಹೆಂಚು. ಗಾಜಿನ ಕೆಲಸದವನೊಬ್ಬ ಬಂದು ನೋಡಿದ. ತನ್ನ ಸರಕನ್ನೇ ಕಡಿಮೆ ಕೊಳ್ಳಿ ಎಂದು ಹೇಳುವಷ್ಟು ಒಳ್ಳೆಯ ಮನುಷ್ಯ ಅವನು. ಮುಂಭಾಗದ ಅರ್ಧಕ್ಕಿಂತ ಹೆಚ್ಚು ಇಟ್ಟಿಗೆಯ ಗೋಡೆಯೇ ಇರಲಿ, ಬೆಳಕು ಬೇಕಾದ ಕಡೆ ಮಾತ್ರ ಗಾಜು ಕೂರಿಸೋಣ, ಅದನ್ನೂ ಎರಡು ಅಡಿ ಒಳಗೆ ತಳ್ಳಿ ಮೇಲೆ ಸಜ್ಜಾ ಹಾಕೋಣ, ಉಳಿದ ಹಣದಲ್ಲಿ ಆ ಸ್ವಲ್ಪಕ್ಕೆ ಎರಡು ಪದರದ ಒಳ್ಳೆಯ ಗಾಜೇ ಬರುತ್ತದೆ ಎಂದ. ಅವನ ಮಾತು ಸರಿಯಾಗಿಯೇ ಇತ್ತು. ವ್ಯಾಪಾರಿಯ ಮುಖ ಮಾತ್ರ ಸಣ್ಣದಾಯಿತು. ಪೇಟೆಯ ಆಚೆ ತುದಿಯ ಚಿನ್ನದಂಗಡಿ ಮೇಲಿನಿಂದ ಕೆಳಗಿನ ತನಕ ಗಾಜಿನಲ್ಲಿ ನಿಂತಿರುವಾಗ ತಾನು ಇಟ್ಟಿಗೆ ತೋರಿಸಿಕೊಂಡು ಕೂರುವುದೇ?

ಪೂರ್ತಿ ಗಾಜೇ ಬೇಕು, ಅಗ್ಗದ ದಾರಿ ಹೇಳು ಎಂದ. ಕನ್ನಡಿ ಗಾಜು ಇದೆ, ಅದು ಬಿಸಿಲನ್ನು ಒಳಗೆ ಬಿಡದೆ ಹಿಂದಕ್ಕೆ ಎಸೆಯುತ್ತದೆ ಎಂದ ಕೆಲಸದವನು. ಹಿಂದಕ್ಕೆ ಎಂದರೆ ಎಲ್ಲಿಗೆ ಎಂದು ವ್ಯಾಪಾರಿ ಕೇಳಲಿಲ್ಲ. ಕೆಲಸದವನೂ ಹೇಳಲಿಲ್ಲ, ಎರಡು ಸಲ ಬುದ್ಧಿ ಹೇಳಿ ಅವನಿಗೂ ಸಾಕಾಗಿತ್ತು. ವ್ಯಾಪಾರಿ ಬೆಳಗಿನ ತಂಪು ಹೊತ್ತಿನಲ್ಲಿ ಮಾದರಿ ಗಾಜಿನ ಮುಂದೆ ನಿಂತು, ತನ್ನ ಮುಖವನ್ನೇ ನೋಡಿಕೊಂಡು, ತಲೆ ಸವರಿಕೊಂಡು, ಇದೇ ಇರಲಿ ಎಂದನಂತೆ.

ಕಟ್ಟಡ ಎದ್ದಿತು. ಒಳಗೆ ನಿಜವಾಗಿಯೂ ತಂಪು. ಬಂದವರಿಗೆಲ್ಲ ವ್ಯಾಪಾರಿ ಗಾಜಿನ ಒಳಮೈಗೆ ಕೈ ಹಚ್ಚಿ ನೋಡಿ ಎನ್ನುತ್ತಿದ್ದ.

ಇನ್ನು ಎದುರು ಬದಿಗೆ ಬಾ. ಅಲ್ಲಿ ರಫೂ ಹಾಕುವ ಮುದುಕನೊಬ್ಬ ಕೂರುತ್ತಿದ್ದ. ರಫೂ ಅಂದರೆ ಹೊಲಿಗೆಯಲ್ಲ. ಹರಿದ ಬಟ್ಟೆಯ ಅಂಚಿನಿಂದಲೇ ಎಳೆ ಬಿಡಿಸಿ, ಹರುಕಿನಲ್ಲಿ ಒಂದೊಂದಾಗಿ ನೇಯ್ದು ಕೂರಿಸುವುದು. ರಫೂ ಆದ ಜಾಗ ಕಾಣಬಾರದು, ಅದೇ ಆ ಕೆಲಸದ ಮಾನ. ಚುರುಕು ಬಿಸಿಲಿನಲ್ಲಿ ಎಳೆಯ ಬಣ್ಣ ಮೋಸಮಾಡುತ್ತದೆಂದು ಆ ಜನ ನೆರಳು ಹುಡುಕಿ ಕೂರುತ್ತಾರೆ. ಮುದುಕನ ಬೆನ್ನಿಗೆ ಹಳೆಯ ಕಟ್ಟಡವೊಂದಿತ್ತು, ಮಧ್ಯಾಹ್ನವಿಡೀ ಅದರ ನೆರಳು ಅವನ ಮೇಲೆ. ಇಪ್ಪತ್ತು ವರ್ಷ ಅಲ್ಲೇ ಕೂತಿದ್ದ. ವ್ಯಾಪಾರಿಯ ಗಿರಾಕಿಗಳು ತರುತ್ತಿದ್ದ ಹರಿದ ರೇಷ್ಮೆ ಸೀರೆಗಳೆಲ್ಲ ಅವನ ಕೈಗೇ ಹೋಗುತ್ತಿದ್ದವು.

ಇಷ್ಟು ಹೇಳಿ ಗುರುಗಳು ಚಾಪೆಯ ಮೇಲೆ ತುಸು ಹಿಂದೆ ಸರಿದು ಕೂತರು. ಹೊತ್ತು ಇಳಿದಂತೆ ಬೆಳಕೊಂದು ಪಡಸಾಲೆಯ ಮೆಟ್ಟಿಲು ಹತ್ತಿ ಅವರ ಮೊಣಕಾಲಿಗೆ ಬಂದಿತ್ತು. ಮುಂದೇನಾಯಿತು ಎಂದು ರೇವಣಯ್ಯ ಕೇಳಿದ.

ಮುಂದೆ ಬೇಸಿಗೆ ಬಂತು. ರಫೂ ಕಾಣತೊಡಗಿತು. ಒಂದು ಸೀರೆಯಲ್ಲಿ ಬಣ್ಣ ಹೆಚ್ಚುಕಮ್ಮಿ, ಇನ್ನೊಂದರಲ್ಲಿ ಎಳೆ ಗಂಟುಗಂಟು. ಗಿರಾಕಿಗಳು ಜಗಳ ತೆಗೆದರು. ಮುದುಕನ ಕಣ್ಣು ಹೋಯಿತು, ಇವನ ಸಹವಾಸ ಸಾಕು ಎಂದು ವ್ಯಾಪಾರಿ ಹತ್ತು ಜನರೆದುರು ಅಂದ. ಮಾತು ಪೇಟೆಯಲ್ಲೆಲ್ಲ ಹಬ್ಬಿತು. ಹೆಸರಿನ ಮೇಲೆ ನಡೆಯುವ ಕೆಲಸ ನೋಡು, ಉಳಿದ ಅಂಗಡಿಯವರೂ ಕೊಡುವುದನ್ನು ಬಿಟ್ಟರು. ಮುದುಕನಿಗೆ ಬೇರೆ ಅನ್ನವಿರಲಿಲ್ಲ.

ಒಂದು ದಿನ ಕೆಟ್ಟ ಸೀರೆಯೊಂದನ್ನು ಹಿಡಿದುಕೊಂಡು, ಬೈದೇ ಬರುತ್ತೇನೆಂದು ವ್ಯಾಪಾರಿ ರಸ್ತೆ ದಾಟಿದ. ನಾಲ್ಕು ಗಂಟೆಯ ಹೊತ್ತು. ಗಾಜು ಎದ್ದ ಮೇಲೆ ಆ ಹೊತ್ತಿನಲ್ಲಿ ಅವನು ಆ ಬದಿಗೆ ಕಾಲಿಟ್ಟದ್ದೇ ಇಲ್ಲ. ಮುದುಕನ ಪಕ್ಕ ಕೂತು, ನೋಡು ನಿನ್ನ ಕೆಲಸ ಎಂದು ತೋರಿಸಲು ಸೀರೆ ಬಿಡಿಸಿದ. ತೋರಿಸಲು ಆಗಲಿಲ್ಲ. ಅವನದೇ ಅಂಗಡಿ ಎದುರಿನಿಂದ ಕಣ್ಣಿಗೆ ಹೊಡೆಯಿತು. ಸೀರೆಯೂ ಕಾಣಲಿಲ್ಲ, ಹರುಕೂ ಕಾಣಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ತಿರುಗಿದರೆ, ಮುದುಕ ತಲೆಯ ಮೇಲೆ ಒದ್ದೆ ಬಟ್ಟೆ ಇಳಿಬಿಟ್ಟುಕೊಂಡು, ಕಣ್ಣಲ್ಲಿ ನೀರು ಸೋರುತ್ತಿದ್ದರೂ ಬೆರಳಿನಿಂದ ಎಳೆ ತಡವುತ್ತಿದ್ದ.

ಬೈಯಲು ಬಂದವನು ಬಿಡಿಸಿದ ಸೀರೆಯನ್ನು ಮಡಿಲಿಗೆ ಎಳೆದುಕೊಂಡ. "ನನಗೊಂದು ಮಾತು ಹೇಳಬಾರದಿತ್ತಾ?" ಎಂದ.

"ಹೇಳಬೇಕೆಂದು ಎರಡು ಸಲ ಬಂದೆ ಸಾವ್ಕಾರ್ರೆ," ಎಂದ ಮುದುಕ. "ನೀವು ಬಂದವರಿಗೆಲ್ಲ ಒಳಗಿನ ತಂಪು ತೋರಿಸುತ್ತಾ ಇದ್ದಿರಿ. ಅಷ್ಟು ಸಂತೋಷದಲ್ಲಿದ್ದವರಿಗೆ ಹೇಗೆ ಹೇಳುವುದು? ಹೇಳಲಿಕ್ಕೆ ನನಗೇ ನಾಚಿಕೆಯಾಯಿತು."

ನಾಚಿಕೆಪಡಬೇಕಾದವನು ಯಾರು, ಪಟ್ಟವನು ಯಾರು ನೋಡು. ವ್ಯಾಪಾರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ತಾನು ಅಗ್ಗಕ್ಕೆ ಕೊಂಡೆನೆಂದುಕೊಂಡ ತಂಪಿಗೆ ಬೆಲೆ ಕೊಟ್ಟವನು ಪಕ್ಕದಲ್ಲೇ ಕೂತಿದ್ದ. ಆ ದಿನ ಅವನು ಸೀರೆಯನ್ನು ಮಡಚಿಕೊಂಡು ಎದ್ದು ಬಂದ.

ಆ ಬೇಸಿಗೆ ಮುಗಿಯುವ ಮೊದಲೇ ಗಾಜು ಇಳಿಸಿದ. ಅದೇ ಕೆಲಸದವನನ್ನು ಕರೆದು, ತಲೆ ತಗ್ಗಿಸಿ, ಅವನು ಮೊದಲು ಹೇಳಿದ ಇಟ್ಟಿಗೆ ಗೋಡೆ, ಸಜ್ಜಾ, ಸ್ವಲ್ಪ ಗಾಜು, ಎಲ್ಲ ಹಾಗೆಯೇ ಮಾಡಿಸಿದ. ಒಳಗಿನ ತಂಪು ಎಲ್ಲಿಗೂ ಹೋಗಲಿಲ್ಲ. ಎದುರು ಬದಿಗೆ ನೆರಳು ಮರಳಿತು. ಹತ್ತು ಜನರೆದುರು ಆಡಿದ ಮಾತನ್ನು ಅಂಗಡಿ ಅಂಗಡಿಗೆ ಹೋಗಿ, ತಪ್ಪು ನನ್ನದು ಎಂದು ಹಿಂದಕ್ಕೆ ತೆಗೆದುಕೊಂಡ. ಮುದುಕನ ಕಣ್ಣು ಮಾತ್ರ ಮೊದಲಿನಂತಾಗಲಿಲ್ಲ. ಸೂಜಿಗೆ ಎಳೆ ಪೋಣಿಸಿಕೊಡಲು ವ್ಯಾಪಾರಿ ದಿನಾ ರಸ್ತೆ ದಾಟಿ ಹೋಗುತ್ತಿದ್ದನಂತೆ.

ಕತೆ ಮುಗಿಯಿತು. ರೇವಣಯ್ಯನಿಗೆ ವ್ಯಾಪಾರಿಯ ಮೇಲೆ ಸಿಟ್ಟು ಬಂದಿತ್ತು. ಎಂಥ ಮನುಷ್ಯ ಅಪ್ಪಾರೆ, ಎದುರಿಗೆ ಯಾರು ಕೂತಿದ್ದಾರೆಂದು ಒಂದು ಸಲ ಕಣ್ಣೆತ್ತಿ ನೋಡಲಿಲ್ಲವಲ್ಲ, ನಾನಾಗಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆ ಎಂದ.

ಗುರುಗಳು ಹಣೆಗೆ ಕೈ ಅಡ್ಡ ಹಿಡಿದು ಅವನ ಕಡೆ ತಿರುಗಿದರು. ಅವರ ಮುಖದಿಂದ ಬೆವರು ಇಳಿಯುತ್ತಿತ್ತು.

"ಹಾಗಾದರೆ ಆ ಗಾಜನ್ನು ಸ್ವಲ್ಪ ಆಚೆ ತಿರುಗಿಸು ತಮ್ಮಾ, ಆಗಿನಿಂದ ಕಣ್ಣಿಗೆ ಹೊಡೆಯುತ್ತಿದೆ, ಹೇಳಲಿಕ್ಕೆ ನನಗೇ ನಾಚಿಕೆಯಾಯಿತು."