ಕಾವಲು ಬಿಟ್ಟ ಜೇನುಗೂಡು

ನೇರಳೆ ಮರದ ಜೇನುನೊಣಗಳು ತಮ್ಮ ಬಾಗಿಲನ್ನು ಕಾಯುವುದು ಬಿಟ್ಟವು. ಮರೆತವು ಎಂದು ಯಾರಾದರೂ ಹೇಳಿದರೆ ನಂಬಬೇಡಿ ಮಕ್ಕಳೇ. ಮರೆಯಲಿಲ್ಲ. ಬೇಡವೆಂದು ಬಿಟ್ಟವು. ತಪ್ಪನ್ನು ತಪ್ಪು ಎಂದೇ ಕರೆಯೋಣ.

ಆ ಮರ ಕಾಡಂಚಿನ ಕೆರೆಯ ದಂಡೆಯಲ್ಲಿತ್ತು. ಅದರ ಪೊಟರೆಯೊಳಗೆ ಏಳು ಎರಿಗಳು ತೂಗುತ್ತಿದ್ದವು. ಎರಿ ಎಂದರೆ ಜೇನುನೊಣಗಳು ಮೇಣದಿಂದ ಕಟ್ಟುವ ಹಲಗೆ. ಅದರ ತುಂಬ ಸಣ್ಣ ಸಣ್ಣ ಕೋಣೆಗಳು. ಪಕ್ಕದ ಎರಿಗಳಲ್ಲಿ ಜೇನುತುಪ್ಪ, ನಡುವಿನ ಎರಿಯಲ್ಲಿ ಮರಿಗಳು. ಮರಿಗಳ ಎರಿಗೆ ತಾಗಿದಂತೆಯೇ ಎಲ್ಲಕ್ಕಿಂತ ಹಳೆಯ ಎರಿ ಇತ್ತು. ಆ ಮರಿಗಳಿಗೆ ಉಣಿಸಿ ಬೆಳೆಸುವವಳು ಕರುಣಮ್ಮ.

ಈ ನೊಣಗಳು ಕರ್ತನನ್ನು ನಂಬಿದ ನೊಣಗಳು. ನಂಬಲು ಕಾರಣವೂ ಇತ್ತು. ಹೋದ ವರ್ಷ ದೊಡ್ಡ ಕಣಜವೊಂದು ಗೂಡಿಗೆ ನುಗ್ಗಿತ್ತು. ಎಷ್ಟು ಕುಟುಕಿದರೂ ಅದರ ಚರ್ಮಕ್ಕೆ ಮುಳ್ಳು ಇಳಿಯಲಿಲ್ಲ. ಆಗ ಮುನ್ನೂರು ನೊಣಗಳು ಪ್ರಾರ್ಥಿಸುತ್ತಲೇ ಅದರ ಮೇಲೆ ಮುಗಿಬಿದ್ದವು, ಉಂಡೆಯಂತೆ ಸುತ್ತಿಕೊಂಡು ಮೈ ಅದುರಿಸಿ ಬಿಸಿಯೇರಿಸಿದವು. ಆ ಕಾವಿಗೆ ಕಣಜ ಸತ್ತಿತು. ಕರ್ತನು ನಮ್ಮನ್ನು ಉಳಿಸಿದನು ಎಂದು ಗೂಡಿಗೆ ಗೂಡೇ ಹಾಡಿತು. ಹಾಡಿದ್ದು ಸರಿ. ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರುವುದು ಆಮೇಲೆ ನಡೆದದ್ದರ ಬಗ್ಗೆ. ಆ ಗೂಡಿನಲ್ಲಿ ಎರಡು ನೇಮಗಳಿದ್ದವು. ಬಾಗಿಲಲ್ಲಿ ನಾಲ್ವರು ನಿಂತು, ಒಳಗೆ ಬರುವ ಪ್ರತಿಯೊಬ್ಬರನ್ನೂ ಮೂಸಿ ನೋಡಬೇಕು. ಒಡಹುಟ್ಟಿದ ಅಕ್ಕನಾದರೂ ಮೂಸದೆ ಬಿಡುವಂತಿಲ್ಲ. ದಿನಾ ಬೆಳಗ್ಗೆ ಹಳೆಯ ಎರಿಯ ಬಿರುಕುಗಳನ್ನು ಕೆರೆದು ಕಸವನ್ನು ಹೊರಹಾಕಬೇಕು. ಕಣಜ ಸತ್ತ ಮೇಲೆ ಸಂಜೆಸಂಜೆ ಗೆಲುವಿನ ಹಾಡು ಶುರುವಾಯಿತು. ಹಾಡಿಸುವವಳು ಜಯಶೀಲಮ್ಮ. ದನಿ ಸಾಲದೆಂದು ಆಕೆ ಕಾವಲಿನಿಂದ ಇಬ್ಬರನ್ನು ಒಳಗೆ ಕರೆದಳು. ಸ್ವಲ್ಪ ದಿನದ ಮೇಲೆ ಉಳಿದ ಇಬ್ಬರನ್ನೂ ಕರೆದಳು. ಹಾಡಿ ದಣಿದವರು ಬೆಳಗ್ಗೆ ಬಿರುಕು ಕೆರೆಯಲು ಏಳಲಿಲ್ಲ. ಕೇಳಿದರೆ, ಕಣಜವನ್ನೇ ಕೊಂದ ಗೂಡಿಗೆ ಇನ್ನಾರ ಭಯ ಎನ್ನುತ್ತಿದ್ದರು.

ಒಂದು ಮುಸ್ಸಂಜೆ ಬೂದು ಬಣ್ಣದ ಪತಂಗವೊಂದು ಬಾಗಿಲಲ್ಲಿ ಬಂದು ಕೂತಿತು. ಹಾಡು ಮುಗಿಯುವ ತನಕ ತಲೆ ತಗ್ಗಿಸಿಕೊಂಡೇ ಇತ್ತು. ಆಮೇಲೆ ಮೆಲ್ಲಗೆ, ನಾಳೆ ಒಳಗೆ ಕೂತು ಕೇಳಬಹುದೇ ಎಂದು ವಿಚಾರಿಸಿತು.

"ನೀನು ಯಾರಮ್ಮ?" ಎಂದಳು ಜಯಶೀಲಮ್ಮ.

"ನೋಡಿದರೆ ಗೊತ್ತಾಗುವುದಿಲ್ಲವೇ ಅಕ್ಕ? ಕುಟುಕಲು ನನಗೆ ಮುಳ್ಳಿಲ್ಲ. ಉಣ್ಣಲು ಬಾಯಿ ಕೂಡ ಇಲ್ಲ. ರೆಕ್ಕೆ ಬಂದಂದಿನಿಂದ ಒಂದು ತೊಟ್ಟು ಜೇನುತುಪ್ಪ ಕುಡಿದವಳಲ್ಲ."

ನೊಣಗಳು ನಕ್ಕವು. ಇಂಥ ಅತಿಥಿ ದಿನಾ ಬರಲಿ, ಅಡುಗೆಯ ಖರ್ಚೇ ಇಲ್ಲ ಎಂದು ಒಬ್ಬಳು ಗೇಲಿ ಮಾಡಿದಳು. ಪತಂಗ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ತನ್ನ ಹೊಟ್ಟೆಯಲ್ಲಿ ಮೊಟ್ಟೆಗಳಿವೆ, ಆ ಮೊಟ್ಟೆಯೊಡೆದು ಬರುವ ಹುಳಗಳಿಗೆ ಬಾಯಿ ಇರುತ್ತದೆ ಎಂಬುದನ್ನು ಅದು ಹೇಳಲಿಲ್ಲ. ಮೂಸಿದ್ದರೆ ಗೊತ್ತಾಗುತ್ತಿತ್ತು. ಮೂಸಬೇಕಾದವರು ಹಾಡಿನ ಸಾಲಿನಲ್ಲಿ ಕೂತಿದ್ದರು.

ಮರುದಿನ ಸಂಜೆ ಪತಂಗ ಒಳಗೆ ಹೋಯಿತು. ಹಳೆಯ ಎರಿಯ ಬಿರುಕಿನಲ್ಲಿ ಮೊಟ್ಟೆಯಿಟ್ಟಿತು. ಅದರ ಮಾರನೆಯ ದಿನ ಎಲ್ಲರಿಗೂ ವಂದನೆ ಹೇಳಿ ಹೊರಟುಹೋಯಿತು.

ಕೆಲವು ವಾರಗಳಾದ ಮೇಲೆ ಒಂದು ಬೆಳಗ್ಗೆ ಕರುಣಮ್ಮನ ಕಾಲಿಗೆ ಬಿಳಿ ನೂಲು ಸುತ್ತಿಕೊಂಡಿತು. ಎಲ್ಲಿಂದ ಬಂತೆಂದು ಹುಡುಕುತ್ತ ಹಳೆಯ ಎರಿಯೊಳಗೆ ಇಣುಕಿದಳು. ಬಿಳಿ ಹುಳಗಳು ಮೇಣವನ್ನು ಕೊರೆದು ತಿನ್ನುತ್ತ, ಹಿಂದೆ ಬಲೆ ನೇಯುತ್ತ ಸಾಗುತ್ತಿದ್ದವು. ಅವುಗಳ ಮುಖ ಮರಿಗಳ ಎರಿಯ ಕಡೆಗಿತ್ತು. ಆ ಬಲೆ ಅಲ್ಲಿಗೆ ಹಬ್ಬಿದರೆ ಮರಿಗಳಿಗೆ ರೆಕ್ಕೆ ಬಂದರೂ ಕೋಣೆಯಿಂದ ಹೊರಬರಲಾಗದು. ಸಿಕ್ಕಿಕೊಂಡಲ್ಲೇ ಸಾಯಬೇಕು.

ಅಷ್ಟು ಹೊತ್ತಿಗೆ ಗೂಡಿನಲ್ಲಿ ಹಾಡು ಬೆಳಗ್ಗೆಯೂ ನಡೆಯುತ್ತಿತ್ತು. ಕರುಣಮ್ಮ ನಡುವೆ ನುಗ್ಗಿ ಜಯಶೀಲಮ್ಮನಿಗೆ ವಿಷಯ ತಿಳಿಸಿದಳು. ನಾಲ್ಕು ನೂಲಿಗೆ ಇಷ್ಟು ಗಾಬರಿಯೇ ಎಂದಳು ಆಕೆ. ಹಾಡಿನ ಕೊನೆಗೆ ಇದಕ್ಕೂ ಒಂದು ಪ್ರಾರ್ಥನೆ ಸೇರಿಸೋಣ ಎಂದಳು. ಕರುಣಮ್ಮ ಕದಲಲಿಲ್ಲ.

"ನಿನಗೆ ನಂಬಿಕೆ ಕಡಿಮೆಯಾಗಿದೆ ಕರುಣಮ್ಮ. ಕಣಜದ ದಿನ ಕೈಬಿಡದ ಕರ್ತ ಈಗ ಬಿಟ್ಟಾನೆಯೇ?"

"ಕರ್ತ ಬಿಟ್ಟಿಲ್ಲ ಅಕ್ಕ. ಬಾಗಿಲು ಬಿಟ್ಟವರು ನಾವು. ಕಣಜದ ದಿನ ಪ್ರಾರ್ಥನೆಯನ್ನೂ ಮಾಡಿದೆವು, ಮೈಯನ್ನೂ ಬಿಸಿ ಮಾಡಿಕೊಂಡೆವು. ಇವತ್ತು ಬರೀ ಬಾಯಿ ಬಿಸಿಯಾಗಿದೆ."

ಹೋಗಿ ಮರಿಗಳಿಗೆ ಉಣಿಸು ಎಂದು ಹಿಂದಿನ ಸಾಲಿನವರು ಗದರಿದರು. ಜಯಶೀಲಮ್ಮ ಮತ್ತೆ ಹಾಡು ಎತ್ತಿಕೊಂಡಳು. ಅಷ್ಟರಲ್ಲಿ ಹೊರಗೆ ಕಾಂಡದ ಮೇಲೆ ಟಕ್ ಟಕ್ ಎಂದು ಸದ್ದಾಯಿತು. ಪಕ್ಕದ ಕೊಂಬೆಯಲ್ಲಿ ವಾಸವಾಗಿದ್ದ ಮರಕುಟಿಗ.

"ಅಮ್ಮಂದಿರೇ, ಸ್ವಲ್ಪ ಸುಮ್ಮನಿರಿ. ನಾನು ಹುಳ ತಿಂದು ಬದುಕುವವನು, ಮರಕ್ಕೆ ಕಿವಿಯಿಟ್ಟರೆ ಎಲ್ಲಿ ಹುಳವಿದೆ ಎಂದು ಹೇಳಬಲ್ಲೆ. ನಿಮ್ಮ ಮನೆಯೊಳಗಿಂದ ನನ್ನ ಊಟದ ಸದ್ದು ಬರುತ್ತಿದೆ. ನಾನೇ ತೆಗೆಯಲು ಹೋದರೆ ಮರ ಒಡೆಯಬೇಕು, ನಿಮ್ಮ ಗೂಡೂ ಹೋಗುತ್ತದೆ. ನೀವೇ ಹೊರಗೆ ತಳ್ಳಿ, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ."

ಹಾಡು ನಿಂತಿತು. ಎಷ್ಟೋ ದಿನಗಳ ಮೇಲೆ ಗೂಡು ಸುಮ್ಮನಾಯಿತು. ಆಗ ಎಲ್ಲರಿಗೂ ಕೇಳಿಸಿತು: ಕರಕರ, ಕರಕರ.

ಜಯಶೀಲಮ್ಮ ಸ್ವತಃ ಹೋಗಿ ನೋಡಿದಳು. ಬಿಳಿ ಹುಳಗಳಿಗೂ ಮರಿಗಳಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ವಾಪಸು ಬಂದು ಎಲ್ಲರ ಮುಂದೆ ನಿಂತಳು.

"ಕಾವಲು ತೆಗೆದವಳು ನಾನು. ತಪ್ಪು ನನ್ನದು. ಹಳೆಯ ಎರಿಯನ್ನು ಬುಡದಿಂದ ಕಡಿದು ಬೀಳಿಸಬೇಕು. ಮೊದಲು ನಾನು ಕಡಿಯುತ್ತೇನೆ."

ಅದರಲ್ಲಿ ಆರು ತಿಂಗಳ ಜೇನುತುಪ್ಪವಿದೆ ಎಂದು ಕೆಲವರು ಗೊಣಗಿದರು. ಆಕೆ ಎರಿಯ ಬುಡಕ್ಕೆ ದವಡೆ ಊರಿದಳು. ಗೊಣಗಿದವರೂ ಬಂದು ಸೇರಿದರು. ಕರುಣಮ್ಮ ಎರಡು ಎರಿಗಳ ನಡುವೆ ನಿಂತು, ಮರಿಗಳ ಕಡೆಗೆ ಚಾಚಿದ ಒಂದೊಂದೇ ನೂಲನ್ನು ಕಚ್ಚಿ ಹರಿದಳು. ಬಿಸಿಲು ಏರಿತು, ಇಳಿಯಿತು. ಕೊನೆಗೆ ಎರಿ ಒಮ್ಮೆ ಓಲಾಡಿ, ಕಳಚಿಕೊಂಡು ಪೊಟರೆಯ ತಳಕ್ಕೆ ಬಿತ್ತು. ನೊಣಗಳು ಅದನ್ನು ಚೂರುಚೂರಾಗಿ ಹೊರಗೆ ನೂಕಿದವು. ಕೆಳಗೆ ಕಾದಿದ್ದ ಮರಕುಟಿಗ ಒಂದು ಹುಳವನ್ನೂ ಬಿಡಲಿಲ್ಲ. ಬಾಯಿಲ್ಲದ ತಾಯಿಯ ಮಕ್ಕಳು ಚೆನ್ನಾಗಿಯೇ ಕೊಬ್ಬಿದ್ದಾರೆ ಎಂದ.

ಕರುಣಮ್ಮ ಮರಿಗಳ ಎರಿಯ ಮೇಲೆ ಕೋಣೆ ಕೋಣೆ ಮುಟ್ಟುತ್ತ ನಡೆದಳು. ಅವಳು ಹರಿಯುವ ಮೊದಲೇ ಅಂಚಿನ ಆರು ಕೋಣೆಗಳಿಗೆ ನೂಲು ತಗುಲಿತ್ತು. ಆ ಆರು ಮರಿಗಳು ಉಳಿಯಲಿಲ್ಲ. ಉಳಿದವುಗಳ ಮೇಲೆ ಕಾಲಿಡಲು ಅವಳಿಗೆ ಭಯವಾಯಿತು. ಅಷ್ಟರಲ್ಲಿ ನಡುವಿನ ಒಂದು ಮುಚ್ಚಳ ಅಲುಗಿತು. ಒಳಗಿನಿಂದ ಮರಿಯೊಂದು ಅದನ್ನು ಕಚ್ಚಿ ತೂತು ಮಾಡಿ, ತಲೆ ಹೊರಹಾಕಿ, ಎಡವುತ್ತ ಹೊರಗೆ ಬಂತು. ಅದರ ರೆಕ್ಕೆಗಳು ಒದ್ದೆಯಾಗಿದ್ದವು, ಹರಿದಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಮುಚ್ಚಳ ಅಲುಗಿತು. ಅದರಾಚೆ ಮತ್ತೊಂದು. ಕರುಣಮ್ಮ ಅಲ್ಲೇ ಕೂತಳು. ಬೆಳಗ್ಗಿನಿಂದ ಹಿಡಿದಿದ್ದ ಉಸಿರನ್ನು ಈಗ ಬಿಟ್ಟಳು. ಜಯಶೀಲಮ್ಮ ಬಂದು ಅವಳ ಪಕ್ಕದಲ್ಲಿ ಕೂತು, ಸ್ತೋತ್ರ ಕರ್ತನೇ ಎಂದಷ್ಟೇ ಹೇಳಿ, ಎದ್ದು ಬಾಗಿಲ ಕಾವಲಿಗೆ ಹೋದಳು.

ಕ್ರಿಸ್ತನ ಮಕ್ಕಳೇ, ನಿಮಗೇ ಹೇಳುತ್ತಿದ್ದೇನೆ. ದೀಕ್ಷಾಸ್ನಾನವಾಗಿದೆ, ಕ್ರಿಸ್ಮಸ್ ಹಾಡಿಗೆ ಮುಂದಿನ ಸಾಲು ಸಿಕ್ಕಿದೆ, ಇನ್ನೇನು ಬೇಕು ಎಂದುಕೊಂಡಿದ್ದೀರಿ. ದೊಡ್ಡ ಪಾಪ ಕಣಜದ ಹಾಗೆ ಸದ್ದು ಮಾಡಿಕೊಂಡು ಬರುತ್ತದೆ, ಅದನ್ನು ಯಾರಾದರೂ ಗುರುತಿಸುತ್ತಾರೆ. ತಂಗಿಯ ಮೇಲಿನ ಹೊಟ್ಟೆಕಿಚ್ಚು, ನಾಳೆ ಪ್ರಾರ್ಥಿಸಿದರಾಯಿತು ಎಂಬ ಸೋಮಾರಿತನ, ಇವು ತಲೆ ತಗ್ಗಿಸಿಕೊಂಡು ಬಂದು ನಿಮ್ಮ ಪಕ್ಕದಲ್ಲೇ ಕೂರುತ್ತವೆ. ಕರ್ತನು ಕ್ಷಮಿಸುತ್ತಾನೆ, ಕಡಿದುಹಾಕಲು ಬಲವನ್ನೂ ಕೊಡುತ್ತಾನೆ. ಕಡಿಯಬೇಕಾದವರು ನೀವು.

ನೀತಿ: ನಂಬಿದ ದಿನವೇ ವಿಶ್ವಾಸಿಯ ಕಾವಲು ಮುಗಿಯುವುದಿಲ್ಲ, ಅಂದು ಶುರುವಾಗುತ್ತದೆ, ಈ ಪುಸ್ತಕ ಮುಚ್ಚಿಡು, ಮೊಣಕಾಲೂರು, ನಿನ್ನ ಹೃದಯದೊಳಗೆ ಸದ್ದಿಲ್ಲದೆ ಬಂದು ಕೂತದ್ದನ್ನು ಈಗಲೇ ಹೆಸರು ಹಿಡಿದು ಹೊರಗೆ ಹಾಕು.