ಕೊಟ್ರಪ್ಪನವರ ತಲೆಗೆ ಇಳಿಯದ ಹೆಲ್ಮೆಟ್

ದಾವಣಗೆರೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದಕ್ಕೆ ಕಂಟ್ರಾಕ್ಟರ್ ಕೊಟ್ರಪ್ಪನವರು ಸಿಟ್ಟಿನಿಂದ ಬಂದು, ಹಿಂದಿನ ವಾರ ಒಯ್ದಿದ್ದ ವೈರಿಲ್ಲದ ಗೇಮಿಂಗ್ ಹೆಡ್‌ಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದರು.

"ಹಾಕ್ಕೊಂಡ್ರೆ ಕಿವಿ ಕಿತ್ತು ಬರ್ತಾವೆ. ಆಟದಾಗೆ ಶತ್ರು ಯಾವ ಕಡೆಯಿಂದ ಬಂದ ಅಂತ್ಲೂ ಕೇಳಂಗಿಲ್ಲ. ವಾಪಸ್ ತಗೊ!"

ಗುಮಾಸ್ತೆ ಹೇಮಾವತಿ ಹೆಡ್‌ಸೆಟ್ಟನ್ನು ಮತ್ತೆ ಅವರತ್ತಲೇ ಸರಿಸಿದಳು. ಇನ್ನೊಂದು ಮಾಲು ವಾಪಸ್ ಬಂದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಮಾಲೀಕರು ಬೆಳಿಗ್ಗೆಯಷ್ಟೇ ಹೇಳಿದ್ದರು.

"ಹಾಕ್ಕೊಂಡು ತೋರಿಸಿ ಸಾರ್," ಎಂದವಳೇ ಅಂಗಡಿಯ ಕಂಪ್ಯೂಟರಿನಲ್ಲಿ ಆಟ ಹಚ್ಚಿದಳು.

ಹೆಡ್‌ಸೆಟ್ ಹಾಕಿಕೊಂಡ ಕೊಟ್ರಪ್ಪನವರು ತಟ್ಟನೆ ಹಿಂದಕ್ಕೆ ತಿರುಗಿ, "ಯಾವನಲೇ ಅವ್ನು?" ಎಂದರು. ಹಿಂದೆ ಫ್ರಿಜ್ ಬಿಟ್ಟರೆ ಯಾರೂ ಇರಲಿಲ್ಲ.

"ಸೌಂಡ್ ಇರ್ಲಿ. ಕಿವಿ ನೋವು ಮಾತ್ರ ತಡೆಯಾಕಾಗಲ್ಲ," ಎಂದು ಗೊಣಗಿದರು.

ಹೇಮಾವತಿ ಆಟ ನಿಲ್ಲಿಸಿ ಚಹಾ ತರಿಸಿದಳು. "ನಿಮ್ಮ ಕಲ್ಯಾಣ ಮಂಟಪ ಎಲ್ಲಿಗೆ ಬಂತು ಸಾರ್?"

ಅವರು ಪಾಯ ತೋಡಿದ ದಿನದಿಂದ ಶುರು ಮಾಡಿದರು. ಮಾತು ತಾರಸಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು.

"ಸಂಜೆ ಬರ್ತೀನಿ, ದುಡ್ಡು ತೆಗೆದಿಟ್ಟಿರು!" ಎಂದು ಗದರಿಸಿ ಹೊರಟರು.

ಹೊರಗೆ ಸ್ಕೂಟರ್ ಹತ್ತಿದರೆ ಹೆಲ್ಮೆಟ್ ತಲೆಗೆ ಇಳಿಯಲೊಲ್ಲದು. ತಿರುಗಿಸಿ ನೋಡಿದರು. ಅವರದೇ. ಮತ್ತೆ ಒತ್ತಿದರು.

"ಬೆಳಿಗ್ಗೆ ಸರಿ ಇತ್ತಲ್ಲ! ತಲೆ ಏನಾರ ಊದ್ಕೊಂತಾ?"

ಹೇಮಾವತಿ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದಳು: "ಕಿವಿ ಇನ್ನೂ ನೋಯ್ತಾ ಇದಾವಾ ಸಾರ್?"

ಕೊಟ್ರಪ್ಪನವರ ಕೈ ನಿಧಾನವಾಗಿ ಕಿವಿಗೆ ಹೋಯಿತು. ಹೆಡ್‌ಸೆಟ್ಟಿಗೆ ತಾಗಿ ಅಲ್ಲೇ ನಿಂತಿತು.

"ಇದರ ಡಬ್ಬಿ ಅಲ್ಲೇ ಐತಲ್ಲ," ಎಂದರು, ಬೇರೆಲ್ಲೋ ನೋಡುತ್ತ. "ಕೊಡವ್ವ."