ಒಂದೇ ಎರಕದ ತಾಳ

"ಅಪ್ಪಾರೇ, ಹೊರದೇಶದ ತಾಮ್ರಕ್ಕೆ ಸುಂಕ ಹಾಕಿದರೆ ನಮ್ಮವರಿಗೆ ಯಾರಿಗಾದರೂ ನೋವಾಗುತ್ತದೆಯೇ?"

ಹೀಗೆ ಕೇಳಿದವನು ಅಡಿವೆಪ್ಪ. ತಾಮ್ರ ಕರಗಿಸುವ ಕಾರ್ಖಾನೆ ಅವನದು. ಹಡಗಿನಲ್ಲಿ ಬಂದಿಳಿಯುವ ತಾಮ್ರ ಅಗ್ಗವಾಗಿ, ಅವನ ಕುಲುಮೆಗಳು ಒಂದೊಂದಾಗಿ ಆರಿದ್ದವು. ಕೆಲಸದವರು ಬೆಳಿಗ್ಗೆ ಬಂದು ಗೇಟಿನ ಮುಂದೆ ಕುಳಿತು, ಬಿಸಿಲೇರಿದ ಮೇಲೆ ಎದ್ದು ಹೋಗುತ್ತಿದ್ದರು. ಅವನಂತೆಯೇ ಸೋತ ಕೆಲವರು ಸೇರಿ, ಸುಂಕ ಹಾಕಿರೆಂದು ಸರಕಾರವನ್ನು ಬೇಡಲು ಮರುದಿನ ಹೊರಡುವವರಿದ್ದರು. ಅದಕ್ಕೆ ಮುನ್ನ ಗುರುಗಳ ಪಾದ ಮುಟ್ಟಿ ಹೋಗೋಣವೆಂದು ಅವನು ಮಠಕ್ಕೆ ಬಂದಿದ್ದ.

"ಸುಂಕ ಕಟ್ಟುವವನು ಹೊರಗಿನವನು. ಹೊತ್ತುವುದು ನಮ್ಮ ಕುಲುಮೆ. ಆಶೀರ್ವಾದ ಮಾಡಿರಿ," ಎಂದ.

ಗುರುಗಳು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಬದಿಗಿಟ್ಟರು. "ಕೂತುಕೋ ತಮ್ಮಾ. ನಿನ್ನ ಮಾತಿಗೆ ಶಿವ ಒಂದು ಕತೆಯನ್ನು ನೆನಪಿಗೆ ತಂದ. ಕೇಳಿಕೊಂಡು ಹೋಗು," ಎಂದರು.

ಒಂದು ನಾಡಿನಲ್ಲಿ ಒಬ್ಬ ಕಂಬಳಿ ನೇಯುವವನಿದ್ದ. ಹಗಲೆಲ್ಲ ಮಗ್ಗ, ಸಂಜೆಗೆ ಶಿವನ ಗುಡಿ. ಗುಡಿಯ ಕಟ್ಟೆಯ ಮೇಲೆ ಕುಳಿತು ಅವನು ಪದ ಹಾಡಿದರೆ ಅವನ ಹೆಂಡತಿ ತಾಳ ಹಾಕುತ್ತಿದ್ದಳು. ಹಾಡುತ್ತ ಹಾಡುತ್ತ ಅವನಿಗೆ ನುಡಿ ಮರೆತು ಹೋಗುವುದಿತ್ತು. ಆಗ ಅವಳು ಅವನ ಮುಖ ನೋಡುತ್ತಿರಲಿಲ್ಲ. ನಗುತ್ತಲೂ ಇರಲಿಲ್ಲ. ತಾಳವನ್ನು ಮಾತ್ರ ಬಿಡದೆ ನಡೆಸುತ್ತಿದ್ದಳು. ಆ ಸದ್ದಿನ ಬೆನ್ನು ಹಿಡಿದು ಹೋದರೆ ಮರೆತ ನುಡಿ ಎಲ್ಲಿದ್ದರೂ ಸಿಕ್ಕೇ ಸಿಗುತ್ತಿತ್ತು.

ಒಂದು ಶ್ರಾವಣದಲ್ಲಿ ಅವಳು ಶಿವನ ಪಾದ ಸೇರಿದಳು. ಅವಳಿಗೆ ಮಣ್ಣು ಕೊಟ್ಟ ದಿನ, ಭಜನೆಯವರಲ್ಲಿ ಯಾರೋ ದುಃಖದ ಭರದಲ್ಲಿ ಅವಳ ಕಂಚಿನ ತಾಳಗಳನ್ನು ಜೋರಾಗಿ ಬಡಿದು, ಜೋಡಿಯಲ್ಲಿ ಒಂದು ಸೀಳಿತು. ಸೀಳಿದ ತಾಳ ನಾದ ಕೊಡುವುದಿಲ್ಲ. ಒಡಕು ತಗಡಿನಂತೆ ಕರಕರ ಎನ್ನುತ್ತದೆ. ನೇಯುವವನು ಎರಡನ್ನೂ ಅವಳ ಸೀರೆಯ ತುಂಡಿನಲ್ಲಿ ಸುತ್ತಿಟ್ಟ. ಆಮೇಲೆ ಗುಡಿಯಲ್ಲಿ ಹಾಡಲು ಕುಳಿತರೆ ಎರಡು ನುಡಿ ಬರುತ್ತಿದ್ದವು, ಮುಂದಿನದು ಮರೆಯುತ್ತಿತ್ತು. ಕಿವಿಗೊಟ್ಟು ಕಾಯುತ್ತಿದ್ದ. ಯಾವ ಸದ್ದೂ ಇಲ್ಲ. ಶಿವನಿಗೆ ಕೈಮುಗಿದು ಎದ್ದು ಬರುತ್ತಿದ್ದ.

ಬರುವ ಶ್ರಾವಣದ ಕಡೆಯ ಸೋಮವಾರ, ಅವಳ ಹೆಸರಿನಲ್ಲಿ, ಗುಡಿಯಲ್ಲಿ ಒಂದು ಪದವನ್ನು ಕೊನೆಯವರೆಗೂ ಹಾಡಬೇಕು. ಅವನು ಬೇಡಿಕೊಂಡದ್ದು ಅಷ್ಟೇ. ಅದಕ್ಕೆ ತಾಳ ಬೇಕು. ಯಾವುದೋ ತಾಳವಲ್ಲ. ಅವಳ ಕೈಯಲ್ಲಿ ಆಡಿದ ಅದೇ ಕಂಚು ಮತ್ತೆ ಮಾತಾಡಬೇಕು.

ಕಂಚುಗಾರನ ಬಳಿ ಹೋದ. ತಾಳದ ಜೋಡಿ ಒಂದೇ ಎರಕದಲ್ಲಿ ಹುಟ್ಟಬೇಕು. ಉಳಿದ ಒಂದಕ್ಕೆ ಬೇರೆ ಕಡೆಯದನ್ನು ತಂದು ಜೊತೆ ಮಾಡಿದರೆ ನಾದ ಕೂಡುವುದಿಲ್ಲ. ಆದ್ದರಿಂದ ಒಂದು ಸೀಳಿದರೂ ಎರಡನ್ನೂ ಕರಗಿಸಿ ಹೊಸದಾಗಿ ಎರೆಯುತ್ತಾರೆ. ಕರಗುವಾಗ ಹಳೆಯ ಲೋಹ ಒಂದಿಷ್ಟು ಸುಟ್ಟು ಹೋಗುತ್ತದೆ. ಆ ಕೊರತೆಯನ್ನು ಹೊಸ ತಾಮ್ರದಿಂದ ತುಂಬಬೇಕು.

"ತಾಮ್ರಕ್ಕೂ ನನ್ನ ಕೂಲಿಗೂ ಸೇರಿ ಒಂದು ಕಂಬಳಿ ಕೊಡು ಕಾಕಾ," ಎಂದ ಕಂಚುಗಾರ. ನೇಯುವವನು ಹಗುರಾಗಿ ಮನೆಗೆ ಬಂದು ಮಗ್ಗಕ್ಕೆ ಕುಳಿತ.

ಆ ನಾಡಿನ ಗುಡ್ಡದ ಮೇಲೆ ತಾಮ್ರದ ಅದಿರು ಕರಗಿಸುವ ಒಬ್ಬ ಧಣಿ ಇದ್ದ. ಒಳ್ಳೆಯವನು. ಶಿವನಲ್ಲಿ ಭಕ್ತಿಯುಳ್ಳವನು. ಸಮುದ್ರದಾಚೆಯ ಅಗ್ಗದ ತಾಮ್ರ ಬಂದು ಅವನ ಕುಲುಮೆ ತಣ್ಣಗಾಗಿತ್ತು. ಕೆಲಸದವರ ಮನೆಯ ಒಲೆಯೂ ತಣ್ಣಗಾಗಿತ್ತು. ಅವನು ಅರಸನ ಮುಂದೆ ಹೋಗಿ ನಿಂತ. ಅರಸ ಕರುಣೆಯುಳ್ಳವನು. ಹೊರನಾಡಿನಿಂದ ಬರುವ ಲೋಹಕ್ಕೆಲ್ಲ ಬಂದರಿನಲ್ಲಿ ಸುಂಕ ಹಾಕಿಸಿದ. ಡಂಗುರದವನು ಊರೂರಿಗೆ ಬಂದು ಸಾರಿದ. ಜನ ಜಯಕಾರ ಹಾಕಿದರು. ನೇಯುವವನೂ ಮಗ್ಗ ಬಿಟ್ಟು ಹೊರಗೆ ಬಂದ. "ಹೌದು ಮತ್ತೆ! ಹೊರಗಿನವನು ತೆರಲಿ. ನಮ್ಮ ಗುಡ್ಡದವರು ಉಣ್ಣಲಿ," ಎಂದು ಕೈ ಎತ್ತಿದ. ಕೆಲವೇ ದಿನಗಳಲ್ಲಿ ಗುಡ್ಡದ ಮೇಲೆ ಹೊಗೆ ಎದ್ದಿತು. ಅದನ್ನು ಕಂಡು ಅವನಿಗೆ ನಿಜವಾಗಿಯೂ ಸಂತೋಷವಾಯಿತು.

ಕಂಬಳಿ ಮುಗಿಯಿತು. ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಕಂಚುಗಾರನಲ್ಲಿಗೆ ಹೋದ.

"ಒಂದು ಸಾಲದು ಕಾಕಾ. ಈಗ ಎರಡು ಬೇಕು."

"ಯಾಕಪ್ಪಾ? ಮುದುಕ ಸಿಕ್ಕಿದ ಅಂತ ಬೋಳಿಸುತ್ತೀಯಾ?"

"ನಿನ್ನ ತಲೆ ಬೋಳಿಸಿದರೆ ಒಂದು ಹಿಡಿ ಉಣ್ಣೆಯೂ ಬರುವುದಿಲ್ಲ, ಬಿಡು. ಕೇಳು. ಹಡಗಿನ ವ್ಯಾಪಾರಿ ಬಂದರಿನಲ್ಲಿ ಸುಂಕ ಕಟ್ಟಿದ. ಕಟ್ಟಿದ್ದನ್ನು ತಾಮ್ರದ ಬೆಲೆಗೆ ಸೇರಿಸಿದ. ಆ ತಾಮ್ರ ನನ್ನ ಅಂಗಡಿಗೆ ಬಂತು. ನನ್ನ ಅಂಗಡಿಗೆ ನೀನು ಬಂದೆ."

"ಹಾಗಿದ್ದರೆ ಹೊರಗಿನದು ಬೇಡವೇ ಬೇಡ. ನಮ್ಮ ಗುಡ್ಡದ ತಾಮ್ರ ಹಾಕು. ಅದಕ್ಕೆ ಸುಂಕ ಇಲ್ಲವಲ್ಲ!"

ಕಂಚುಗಾರ ನಕ್ಕುಬಿಟ್ಟ. "ಎಂಥ ಮಾತು ಕಾಕಾ! ಪಕ್ಕದ ಮಗ್ಗದವನ ಕಂಬಳಿ ನಾಳೆ ಎಂಟು ಹಣಕ್ಕೆ ಹೋದರೆ ನಿನ್ನದನ್ನು ನೀನು ಐದಕ್ಕೇ ಕೊಡುತ್ತೀಯಾ? ಗುಡ್ಡದ ಧಣಿಯೂ ಕೊಡುವುದಿಲ್ಲ. ಹೊರಗಿನವನಿಗಿಂತ ಒಂದು ಕೂದಲೆಳೆ ಕಡಿಮೆ ಹೇಳುತ್ತಾನೆ. ಅಷ್ಟಕ್ಕೇ ಜನ ಮುಗಿಬಿದ್ದು ಒಯ್ಯುತ್ತಾರೆ."

ನೇಯುವವನಿಗೆ ಮಾತು ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ತಾಮ್ರ ಅಗ್ಗವಾಗಲಿಲ್ಲ. ತಂದ ಕಂಬಳಿಯನ್ನು ಅಲ್ಲಿಯೇ ಇಟ್ಟು, "ಇದು ನಿನ್ನಲ್ಲೇ ಇರಲಿ. ಇನ್ನೊಂದು ತರುತ್ತೇನೆ," ಎಂದು ಹೊರಟ.

ಇನ್ನೊಂದು ನೇಯಲು ಉಣ್ಣೆ ಬೇಕು. ಕುರಿಗಾರನ ಬಳಿ ಹೋದರೆ ಉಣ್ಣೆಯೂ ಏರಿತ್ತು. "ಉಣ್ಣೆ ಕತ್ತರಿಸುವ ಕತ್ತರಿಗೆ ಏನು ಕೊಟ್ಟೆ ಗೊತ್ತೇನು? ಕಬ್ಬಿಣಕ್ಕೂ ಸುಂಕವಲ್ಲ!" ಎಂದ ಕುರಿಗಾರ. ಸಿಕ್ಕಷ್ಟು ಉಣ್ಣೆ ತಂದು, ಇತರ ಕಂಬಳಿಗಳಿಗೆ ಬೆಲೆ ಸ್ವಲ್ಪ ಏರಿಸಿ ನೋಡಿದ. ಕೊಳ್ಳುವವರು ಬರಲಿಲ್ಲ. ಅವರೂ ನೀರಿನ ಕೊಡಕ್ಕೆ, ಅಡುಗೆಯ ಪಾತ್ರೆಗೆ ಹೆಚ್ಚು ಕೊಟ್ಟು ಬಂದವರು. ಹಳೆಯ ಕಂಬಳಿಗೆ ತೇಪೆ ಹಾಕಿ ಹೊದ್ದರು. ವ್ಯಾಪಾರಿ ತನ್ನ ಭಾರವನ್ನು ಕಂಚುಗಾರನ ಮೇಲಿಟ್ಟಿದ್ದ. ಕಂಚುಗಾರ ಇವನ ಮೇಲಿಟ್ಟಿದ್ದ. ಕುರಿಗಾರನೂ ಇವನ ಮೇಲಿಟ್ಟ. ತನ್ನ ಭಾರವನ್ನು ಯಾರ ಮೇಲಿಡಲಿ ಎಂದು ಇವನು ನೋಡಿದರೆ, ಮುಂದೆ ಯಾರೂ ಇರಲಿಲ್ಲ.

ಆದರೂ ನೇಯ್ದ. ಲಾಳಿ ಅತ್ತಿಂದಿತ್ತ ಓಡುವ ಸದ್ದಿನಲ್ಲಿ ಅವಳ ತಾಳ ಕೇಳಿದಂತಾಗುತ್ತಿತ್ತು. ಸರಿಯಾಗಿ ಕೇಳೋಣವೆಂದು ಕೈ ನಿಲ್ಲಿಸುತ್ತಿದ್ದ. ಕೈ ನಿಂತರೆ ಸದ್ದೂ ನಿಲ್ಲುತ್ತಿತ್ತು. "ತಂದೆ, ಅವಳನ್ನು ಕೊಡು ಎಂದು ಕೇಳುವುದಿಲ್ಲ. ನಿನ್ನಲ್ಲಿಗೆ ಬಂದವಳು, ನಿನ್ನಲ್ಲೇ ಸುಖವಾಗಿರಲಿ. ಆ ಸದ್ದೊಂದನ್ನು ಕೊಡು," ಎನ್ನುತ್ತಿದ್ದ.

ಶ್ರಾವಣ ಬಂತು. ಕಡೆಯ ಸೋಮವಾರವೂ ಬಂತು. ಎರಡನೆಯ ಕಂಬಳಿ ಇನ್ನೂ ಮಗ್ಗದ ಮೇಲೆ ಅರ್ಧಕ್ಕೇ ಇತ್ತು.

ನೇಯುವವನು ಸ್ನಾನ ಮಾಡಿ, ಬಿಲ್ವಪತ್ರೆ ಹಿಡಿದು ಗುಡಿಗೆ ಹೋದ. ಅವನು ಇಂದು ಹಾಡುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಕಟ್ಟೆಯ ಸುತ್ತ ಜನ ತುಂಬಿದ್ದರು. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಅವನು ಹಾಡಿದ. ಮೊದಲ ನುಡಿ ಬಂತು. ಎರಡನೆಯದು ಬಂತು. ಮೂರನೆಯದು ಮರೆಯಿತು. ಕಾಯ್ದ. ಜನರೆಲ್ಲ ಅವನ ಮುಖವನ್ನೇ ನೋಡುತ್ತ ಕಾಯ್ದರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಮುಖ ನೋಡಿದರೆ ನುಡಿ ಬರುವುದಿಲ್ಲ. ಕೊನೆಗೆ ಅವನು ಗರ್ಭಗುಡಿಯ ಕಡೆಗೆ ತಿರುಗಿ, "ಉಳಿದದ್ದು ನಿನ್ನಲ್ಲೇ ಇರಲಿ ತಂದೆ," ಎಂದು ನೆಲಕ್ಕೆ ಹಣೆ ಮುಟ್ಟಿಸಿದ.

ಜನ ಕರಗಿದ ಮೇಲೆ ಗುಡ್ಡದ ಧಣಿ ಹತ್ತಿರ ಬಂದ. ಅವನ ಮುಖದಲ್ಲಿ ಕಳೆ ಮರಳಿತ್ತು. "ಹಿರಿಯರೇ, ವರ್ಷವೆಲ್ಲ ದುಡಿದು ನಿಮ್ಮ ಪದ ಕೇಳಲೆಂದೇ ಇಳಿದು ಬಂದೆ. ಅರ್ಧಕ್ಕೇ ಬಿಟ್ಟಿರಿ. ತಾಳ ಎಲ್ಲಿ?"

"ಸೀಳಿದೆ ಧಣಿ. ಮತ್ತೆ ಎರೆಸಬೇಕೆಂದಿದ್ದೆ. ತಾಮ್ರ ನನ್ನ ಕೈಗೆ ಎಟುಕಲಿಲ್ಲ," ಎಂದ ನೇಯುವವನು. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. "ನಿಮ್ಮ ಕುಲುಮೆ ಹೊತ್ತಿತಲ್ಲ, ಅದು ನೋಡಿ ನನಗೂ ಸಂತೋಷ."

ಧಣಿ ತಲೆ ಎತ್ತಿ ನೋಡಿದ. ಗುಡ್ಡದ ಮೇಲೆ ಅವನ ಹೊಗೆ ನೆಟ್ಟಗೆ ಮುಗಿಲಿಗೆ ಏರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನ ಕಣ್ಣುಗಳು ತುಂಬಿದ್ದವು. ಅವನು ತಡೆಯಲಾರದೆ ಕೇಳಿದ: "ಅಪ್ಪಾರೇ, ಒಂದು ಹಿಡಿ ತಾಮ್ರದ ಮಾತು! ಆ ಧಣಿ ತನ್ನ ಕುಲುಮೆಯಿಂದಲೇ ಕೊಟ್ಟು ತಾಳ ಎರೆಸಿಕೊಡಬಹುದಿತ್ತಲ್ಲ?"

"ಎರೆಸಿಕೊಟ್ಟ ತಮ್ಮಾ," ಎಂದರು ಗುರುಗಳು, "ಆದರೆ ನಾಡಿನಲ್ಲಿ ಬರಿದಾದ ಅಷ್ಟೂ ಕೈಗಳಲ್ಲಿ ಅವನ ಕಣ್ಣಿಗೆ ಬಿದ್ದದ್ದು ಆ ಒಂದು ಬರಿಗೈ ಮಾತ್ರ."